ಬಾಗಿಲ ಮರೆಯ ಹಲಗೆ

ನೆಲದ ಮೇಲೆ ಅಡ್ಡ ಮಲಗಿಸಿದ ಟಾರ್ಚಿನ ಬೆಳಕು ಹಲಗೆಯಿಂದ ಹಲಗೆಗೆ ಚೆಲ್ಲಿದ ನೀರಿನ ಹಾಗೆ ಹರಿದುಕೊಂಡು ಹೋಗಿ ಬಾಗಿಲ ಮರೆಯ ಮೂಲೆಯಲ್ಲಿ ತಡವರಿಸಿತು, ಅಲ್ಲಿ ಎರಡು ನೆರಳು, ಅಕ್ಕಪಕ್ಕ, ಒಂದೊಂದೂ ಗೇಣಿಗಿಂತ ತುಸು ಉದ್ದ, ಒಂದು ನೆಟ್ಟಗೆ, ಇನ್ನೊಂದು ಓರೆ — ಇದೇನಪ್ಪಾ ಇದು, ಅಂದುಕೊಂಡು ಅವಳು ಕೆನ್ನೆಯನ್ನು ನೆಲಕ್ಕೆ ಇನ್ನಷ್ಟು ಒತ್ತಿದಳು, ಹಳೆಯ ಮರದ ವಾಸನೆ, ಮೂಗಿನೊಳಗೆ ಹುಡಿ, ಸೀನು ಬಂದಂತಾಗಿ ಬರಲಿಲ್ಲ. ಐವತ್ತೇಳು ವರ್ಷದ ಹೆಂಗಸು ಹೀಗೆ ನೆಲಕ್ಕೆ ಕೆನ್ನೆ ಕೊಟ್ಟು ಮಲಗಿದ್ದನ್ನು ಕಂಡರೆ ಯಾರಿಗಾದರೂ ಗಾಬರಿಯೇ, ಮೊದಲ ದಿನ ಹೋಟೆಲಿನ ಮ್ಯಾನೇಜರ್ ಕಂಡವನೇ ನೀರು ತರಲು ಓಡಿದ್ದ, ಅಯ್ಯೋ ಬಿದ್ದಿಲ್ಲ ಸರ್, ನೆಲ ನೋಡ್ತಿದೀನಿ ಅಂದರೆ ನಂಬಲಿಲ್ಲ, ಆಚೆ ಜಗಲಿಯಲ್ಲಿ ಮೇಣ ಕಲಸುತ್ತ ಕೂತಿದ್ದ ನಾದಿನಿ ಅಲ್ಲಿಂದಲೇ ಕೂಗಿದಳು, ನಮ್ಮತ್ತಿಗೆ ಎಲ್ಲಿ ಹೋದ್ರೂ ನೆಲಕ್ಕೆ ಮುತ್ತು ಕೊಡ್ತಾಳೆ ಸರ್, ನಮ್ಮಣ್ಣನಿಗೆ ಒಂದು ದಿನ ಕೊಟ್ಟಿದ್ದು ನೋಡಿಲ್ಲ. ಇವಳ ಬಾಯಿಗೆ ಬೀಗ ಇಲ್ಲ. ಆದರೆ ಬೆಳಕನ್ನು ಮಲಗಿಸದೆ ನೆಲ ತನ್ನ ಗುಟ್ಟು ಬಿಡುವುದಿಲ್ಲ, ಮೇಲಿನಿಂದ ನೋಡಿದರೆ ಎಲ್ಲ ನೆಲವೂ ಒಂದೇ ಸಮ, ಇದನ್ನು ಕಲಿಸಿದ್ದು ಮಾವ, ಗಂಡನ ಅಪ್ಪ, ಊರಲ್ಲಿರುವ ಅರ್ಧಕ್ಕರ್ಧ ಮರದ ನೆಲ ಉಜ್ಜಿ ಮೆರುಗು ಕೊಟ್ಟವನು, ಮಗ ಕಲಿಯಲಿಲ್ಲ ಅಂತ ಸೊಸೆಯ ಕೈಗೆ ಮರ ಉಜ್ಜುವ ಉಪ್ಪುಕಾಗದ ಕೊಟ್ಟವನು, ಈಗ ಜನ ಅವಳನ್ನು ಹಲಗೆಯಕ್ಕ ಅನ್ನುತ್ತಾರೆ, ಅವಳ ಹೆಸರನ್ನು ಅವಳೇ ನೆನಪಿಸಿಕೊಳ್ಳಬೇಕು.

ಈ ಮಹಡಿಯ ಕೋಣೆಗೆ ಬಾಗಿಲ ಮೇಲೆ ಹಿತ್ತಾಳೆಯ ಫಲಕ ಬಂದಾಗಿದೆ, ದೊಡ್ಡಮ್ಮನವರ ಕೋಣೆ, ಅಂದರೆ ಆ ಮನೆಯ ಯಜಮಾನಿಯದು, ಹನ್ನೊಂದು ಕೋಣೆಗಳಲ್ಲಿ ಎಲ್ಲಕ್ಕಿಂತ ದುಬಾರಿ, ಒಂದಾನೊಂದು ಕಾಲದಲ್ಲಿ ಒಂದೇ ಕುಟುಂಬದವರು ಇದ್ದ ಬಂಗಲೆ, ಆಮೇಲೆ ಯಾವುದೋ ಕಚೇರಿ, ಕಚೇರಿಯವರು ನೆಲದ ಮೇಲೆಲ್ಲ ಪ್ಲಾಸ್ಟಿಕ್ ಹಾಸು ಅಂಟಿಸಿ ನಲವತ್ತು ವರ್ಷ ಮರವನ್ನು ಕತ್ತಲಲ್ಲಿಟ್ಟರು, ಈಗ ಹೋಟೆಲು, ನಾಡಿದ್ದು ಬಾಗಿಲು ತೆರೆಯುತ್ತದೆ. ಹಾಸು ಕಿತ್ತಾಗ ಕೆಳಗೆ ಮಲಗಿದ್ದದ್ದು ಆ ಮನೆಯವರು ಬಿಟ್ಟುಹೋದಂತೆಯೇ ಇದ್ದ ನೆಲ, ಒಬ್ಬರೂ ತುಳಿದಿಲ್ಲ, ಒಬ್ಬರೂ ಉಜ್ಜಿಲ್ಲ, ಇಂಥ ನೆಲ ಕೈಗೆ ಸಿಗುವುದು ಅಪರೂಪ, ಒಂದು ತಿಂಗಳಿಂದ ಅವಳು ಕೆಳಗಿನ ಕೋಣೆಗಳನ್ನು ಓದುತ್ತ ಓದುತ್ತ ಮೇಲೆ ಬಂದಿದ್ದಾಳೆ, ಊಟದ ಕೋಣೆಯಲ್ಲಿ ಯಾರೋ ಒಬ್ಬರು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಕೂರುತ್ತಿದ್ದರು, ಹಿಂಗಾಲಿನ ಎರಡೇ ಗುಳಿ ಆಳ, ದೊಡ್ಡ ಯಜಮಾನರ ಓದುವ ಕೋಣೆ ಅಂತ ಫಲಕ ಹಾಕಿದಲ್ಲಿ ಮೇಜಿನ ಗುರುತೇ ಇಲ್ಲ, ಗೋಡೆಯಿಂದ ಗೋಡೆಗೆ ನಡೆದು ಸವೆದ ದಾರಿ ಇದೆ, ಓದಿದ್ದು ಕಡಿಮೆ, ಚಡಪಡಿಸಿದ್ದು ಜಾಸ್ತಿ. ಅದನ್ನು ಮ್ಯಾನೇಜರನಿಗೆ ಹೇಳಿದಾಗ ಅವನು ಕಣ್ಣರಳಿಸಿದ, ಮೂವತ್ತು ದಾಟದವನು, ಕಥೆ ಅಂದರೆ ಬಾಯಿ ಬಿಡುವವನು, ಅಕ್ಕಾ, ನೀವು ಪೊಲೀಸ್ ಇಲಾಖೆಗೆ ಸೇರಬೇಕಿತ್ತು, ಅಂದ. ಅವನ ಮುಂದೆ ಬಾಯಿ ತಪ್ಪಿ ಇನ್ನೊಂದು ಮಾತೂ ಹೇಳಿಬಿಟ್ಟಳು, ನಮ್ಮಮ್ಮ ಈ ಮನೇಲೇ ಇದ್ದರು ಸರ್, ಇಪ್ಪತ್ತೆರಡು ವರ್ಷ. ಅಷ್ಟೇ, ಮಾರನೆಯ ದಿನ ಅವನು ಹಣ್ಣು ಹಿಡಿದುಕೊಂಡು ಮನೆಗೇ ಬಂದ.

ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಹೇಳಿದ್ದೆಲ್ಲ ಅವನ ಫೋನಿನೊಳಗೆ ಹೋಯಿತು, ಅಲ್ಲಿಂದ ಹೋಟೆಲಿನ ಹೊಳಪು ಪುಸ್ತಿಕೆಗೆ, ಪ್ರತಿ ಮಧ್ಯಾಹ್ನ ದೊಡ್ಡಮ್ಮನವರ ಸಂಗಾತಿ ಈ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಅವರಿಗೆ ಕಥೆಗಳನ್ನು ಓದಿ ಹೇಳುತ್ತಿದ್ದರು, ಅಂತ, ಪಕ್ಕದಲ್ಲಿ ಅಮ್ಮನ ಚಿತ್ರ, ಎಂಬತ್ತಮೂರರ ಮುಖ, ತುಟಿ ಬಿಗಿ. ಹಸಿರು ಮಖಮಲ್ಲಿನ ಕುರ್ಚಿಯೂ ಬಂದಿದೆ, ಹೊರಗೆ ಜಗಲಿಯಲ್ಲಿ ಬಟ್ಟೆ ಸುತ್ತಿಕೊಂಡು ಕಾಯುತ್ತಿದೆ, ನಾಡಿದ್ದು ಅಮ್ಮ ಹೊಸ ಶಾಲು ಹೊದ್ದು ಅದರಲ್ಲಿ ಕೂತು ಬಂದವರಿಗೆಲ್ಲ ಆ ಮನೆಯ ಕಥೆ ಹೇಳಬೇಕು. ಬೀದಿಯವರಿಗೆಲ್ಲ ಹೇಳಿಯಾಗಿದೆ. ಹಾಲಿನವನಿಗೆ ಎರಡು ಸಲ. ನಾನೇನು ಆ ಮನೆ ಆಳಾಗಿದ್ದೆನಾ, ಜೊತೆಗಿದ್ದೆ, ಜೊತೆಗೆ, ಅಂತ. ಇದೇ ಮಾತನ್ನು ಅವಳು ಫ್ರಾಕು ಹಾಕುತ್ತಿದ್ದ ಕಾಲದಿಂದ ಕೇಳಿದ್ದಾಳೆ, ಶಾಲೆಯಲ್ಲಿ ನಿಮ್ಮಮ್ಮ ಏನು ಮಾಡ್ತಾರೆ ಅಂದರೆ ಎದೆಯುಬ್ಬಿಸಿ ದೊಡ್ಡ ಮನೇಲಿ ಪುಸ್ತಕ ಓದ್ತಾರೆ ಅಂದವಳು, ಮೇಷ್ಟ್ರು ಅವಳ ಮುಖ ನೋಡಿ, ಹೂಂ, ಕೂತ್ಕೋ, ಅಂದಿದ್ದರು. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದಳು ಅಮ್ಮ, ಮಕ್ಕಳಿಗೆ ಆ ಗೇಟಿನೊಳಗೆ ಪ್ರವೇಶವಿಲ್ಲ, ಉಪ್ಪುಕಾಗದದ ಮೂಟೆ ಹೊತ್ತು ಹೋದ ತಿಂಗಳು ಕಾಲಿಟ್ಟದ್ದೇ ಮೊದಲು, ಆ ಕುರ್ಚಿಯ ಜಾಗ ನಾನೇ ಹುಡುಕುತ್ತೇನೆ, ಬೆಳಕು ಹಾಕಿ ಹುಡುಕುತ್ತೇನೆ, ಅಮ್ಮನಿಗೆ ತೋರಿಸುತ್ತೇನೆ, ನೋಡು ನಿನ್ನ ಕುರ್ಚಿ ಕಾಲಿನ ಗುಳಿ ಅಂತ, ಅದಕ್ಕೇ ಈ ಕೋಣೆಯನ್ನು ಕೊನೆಗೆ ಇಟ್ಟುಕೊಂಡಿದ್ದಳು, ಮಕ್ಕಳು ಸಿಹಿಯನ್ನು ತಟ್ಟೆಯ ಅಂಚಿಗೆ ಎತ್ತಿಡುವ ಹಾಗೆ.

ಕಿಟಕಿಯ ಹತ್ತಿರ ಏನೂ ಇಲ್ಲ. ಬೆಳಿಗ್ಗೆಯಿಂದ ಮೂರು ಸಲ ಬೆಳಕು ಮಲಗಿಸಿ ನೋಡಿದಳು, ಬಲದಿಂದ, ಎಡದಿಂದ, ಎದುರಿನಿಂದ, ಅಲ್ಲಿಯ ಹಲಗೆ ಮೊನ್ನೆ ಗರಗಸದಿಂದ ಇಳಿದು ಬಂದ ಹಾಗಿದೆ, ಗರಗಸದ ಗೀರು ಕೂಡ ಮಾಸಿಲ್ಲ, ಕುರ್ಚಿಯೊಂದು ಇಪ್ಪತ್ತೆರಡು ವರ್ಷ ಕೂತರೆ ನಾಲ್ಕು ಗುಳಿ ಬೀಳಲೇಬೇಕು, ಅದರ ಮುಂದೆ ಹಿಮ್ಮಡಿ ಉಜ್ಜಿದ ಎರಡು ಮಸುಕು ಇರಲೇಬೇಕು, ಬಿಸಿಲು ಮರವನ್ನು ಬಿಳಿಚಿಸುವಾಗ ಕುರ್ಚಿಯ ಅಡಿ ಒಂದಿಷ್ಟು ಕಂದು ಉಳಿಯಲೇಬೇಕು, ಬಿಸಿಲು ಇಲ್ಲಿ ಎಲ್ಲೂ ತಡೆಯಿಲ್ಲದೆ ಬಿದ್ದಿದೆ, ಒಂದೇ ಬಣ್ಣ. ಕೋಣೆಯ ಮಿಕ್ಕದ್ದೆಲ್ಲ ಸ್ಪಷ್ಟ. ಇಲ್ಲಿ ಮಂಚ, ನಾಲ್ಕು ಆಳದ ಗುಂಡಿ, ಭಾರೀ ಮಂಚ, ಇಲ್ಲಿ ದೊಡ್ಡಮ್ಮನವರು ಕಾಲಿಳಿಸುತ್ತಿದ್ದದ್ದು, ಯಾವಾಗಲೂ ಎಡಗಡೆಗೆ, ಇಲ್ಲಿ ಕನ್ನಡಿಯ ಮೇಜು, ಮತ್ತೆ ಅಲ್ಲಿ, ಬಾಗಿಲು ಒಳಕ್ಕೆ ತೆರೆದರೆ ಅದರ ಮರೆಗೆ ಬೀಳುವ ಮೂಲೆಯಲ್ಲಿ — ಒಂದು ನೆಟ್ಟಗೆ, ಒಂದು ಓರೆ. ಬೆರಳಾಡಿಸಿದಳು. ಉಗುರು ಮುಳುಗುವಷ್ಟು ಆಳ, ಅಂಚು ನುಣ್ಣಗೆ, ಸಾಬೂನಿನ ತಟ್ಟೆಯ ಹಾಗೆ. ಮರ ಹೀಗೆ ಒಂದೆರಡು ವರ್ಷಕ್ಕೆ ಸವೆಯುವುದಿಲ್ಲ. ಯಾರೋ ನಿಂತಿದ್ದಾರೆ, ನಿಂತಲ್ಲೇ ನಿಂತಿದ್ದಾರೆ, ಯಾಕೆ? ಹಳೆ ಕಾಲದ ಫೋನು ಗೋಡೆಗಿತ್ತೇ, ಇಲ್ಲ, ಗೋಡೆಯಲ್ಲಿ ಮೊಳೆಯ ತೂತಿಲ್ಲ, ಅದೂ ಅಲ್ಲದೆ ಫೋನಿನಲ್ಲಿ ಮಾತಾಡುವವರು ನಿಂತಲ್ಲಿ ನಿಲ್ಲುತ್ತಾರೆಯೇ, ನಾದಿನಿಯನ್ನು ನೋಡಿದರೆ ಸಾಕು, ಮನೆಯೆಲ್ಲ ಸುತ್ತುತ್ತಾಳೆ. ತಪ್ಪು ಮಾಡಿದ ಮಗುವನ್ನು ಮೂಲೆಯಲ್ಲಿ ನಿಲ್ಲಿಸಿದ್ದೇ, ಪಾದ ದೊಡ್ಡದು, ಮಗುವಿನದಲ್ಲ. ಪಕ್ಕದ ಕೋಣೆಯ ಮಾತಿಗೆ ಕಿವಿ ಕೊಟ್ಟವರೇ, ಕದ್ದು ಕೇಳುವವರ ಭಾರ ಬೆರಳ ಮೇಲೆ ಬೀಳುತ್ತದೆ, ಮುಂದಕ್ಕೆ, ಇಲ್ಲಿ ಆಳವೆಲ್ಲ ಹಿಮ್ಮಡಿಯಲ್ಲಿ. ಹಿಮ್ಮಡಿಯ ಮೇಲೆ ಭಾರ ಬಿಟ್ಟು ನಿಲ್ಲುವುದು ಕಾಯುವವರು. ಇವತ್ತಲ್ಲ ನಾಳೆ ಕರೆಯುತ್ತಾರೆ ಅಂತ ಅಲ್ಲ, ಈಗ ಕರೆಯಬಹುದು, ಈ ಗಳಿಗೆ ಕರೆಯಬಹುದು ಅಂತ, ಆಸ್ಪತ್ರೆಯ ವರಾಂಡದಲ್ಲಿ ನಿಲ್ಲುವ ಹಾಗೆ.

ನೋಡೇಬಿಡೋಣ, ಅಂತ ಅವಳು ಎದ್ದು, ಮಂಡಿ ಚಟಕ್ ಅಂದಿತು, ಕಾಲುಚೀಲ ಬಿಚ್ಚಿ ಬರಿಗಾಲನ್ನು ಆ ತಗ್ಗುಗಳಲ್ಲಿ ಇಟ್ಟಳು, ತಣ್ಣಗಿತ್ತು, ಬಲಗಾಲು ಸಲೀಸಾಗಿ ಕೂತಿತು, ಎಡಗಾಲು ಒಪ್ಪಲಿಲ್ಲ, ಅದನ್ನು ಹೊರಕ್ಕೆ ತಿರುಗಿಸಬೇಕಾಯಿತು, ಇನ್ನೂ, ಇನ್ನೂ ಸ್ವಲ್ಪ, ಮಂಡಿ ನೋಯುವಷ್ಟು, ಯಾರಪ್ಪಾ ಹೀಗೆ ಕಾಲು ತಿರುಚಿಕೊಂಡು ನಿಲ್ಲುವವರು ಅಂತ ನಗು ಬಂದು, ಆ ನಗು ಅರ್ಧಕ್ಕೇ — ಅಡುಗೆಮನೆಯ ಸಿಮೆಂಟು ನೆಲ, ಸ್ನಾನ ಮಾಡಿ ಬಂದ ಅಮ್ಮನ ಒದ್ದೆ ಹೆಜ್ಜೆ, ಒಲೆಯವರೆಗೂ ಸಾಲು ಸಾಲು, ಬಲದ್ದು ನೆಟ್ಟಗೆ, ಎಡದ್ದು ಓರೆ, ಅಮ್ಮ ಹತ್ತು ವರ್ಷದವಳಿದ್ದಾಗ ಗೋಡೆಯಿಂದ ಬಿದ್ದು ಮೂಳೆ ಸೊಟ್ಟಗೆ ಕೂಡಿಕೊಂಡ ಕಾಲು, ಒಣಗುವುದರೊಳಗೆ ಆ ಹೆಜ್ಜೆಗಳ ಮೇಲೇ ಹೆಜ್ಜೆಯಿಟ್ಟು ನಡೆಯುವುದು ಅವಳ ಆಟ, ಅಮ್ಮನ ಹಾಗೆ ಕುಂಟುತ್ತ, ಅಮ್ಮ ಸೌಟು ಎತ್ತಿ ಅಣಕಿಸ್ತೀಯೇನೇ, ಅನ್ನುತ್ತಿದ್ದಳು, ಹೊಡೆಯುತ್ತಿರಲಿಲ್ಲ. ಅಂದರೆ. ಅಂದರೆ ಏನು? ಕಾಲು ತೆಗೆಯಬೇಕು ಅನಿಸಿದರೂ ತೆಗೆಯದೆ ಅಲ್ಲಿಂದಲೇ ಕೋಣೆಯನ್ನು ನೋಡಿದಳು, ಇಲ್ಲಿಂದ ಏನು ಕಾಣುತ್ತದೆ, ಮಂಚದ ತಲೆಹಲಗೆ ಇದ್ದಿರಬೇಕು ಅಷ್ಟೆತ್ತರ, ಅದರ ಮೇಲೆ ಕಿಟಕಿಯ ಮೇಲರ್ಧ, ಅಷ್ಟೇ, ಒಂದು ಮರದ ತುದಿ, ಆಕಾಶ, ಹಕ್ಕಿ ಬಂದರೆ ಹಕ್ಕಿ. ಅಮ್ಮನ ಕಥೆಗಳಲ್ಲಿ ಬರುತ್ತಿದ್ದ ತೋಟ ಎಷ್ಟು ಚೆಂದ, ಎಲೆ ಮಿನುಗುತ್ತಿತ್ತು, ಕೊಂಬೆ ತೂಗುತ್ತಿತ್ತು, ಗಿಳಿ ಬರುತ್ತಿತ್ತು, ಆದರೆ ಯೋಚನೆ ಮಾಡಿದರೆ ಆ ತೋಟಕ್ಕೆ ನೆಲವೇ ಇರಲಿಲ್ಲ, ಬೇರಿರಲಿಲ್ಲ, ದಾರಿಯಿರಲಿಲ್ಲ, ಅವಳು ಯಾವತ್ತೂ ಕೇಳಲಿಲ್ಲ. ಮತ್ತೆ ಆ ಕಥೆಗಳು, ರಜಾದಿನ ಊಟವಾದ ಮೇಲೆ, ಚಾಪೆಯ ಮೇಲೆ ಉರುಳಿದ ಅವಳಿಗೆ ಅಮ್ಮ ನಿಂತೇ ಹೇಳುತ್ತಿದ್ದಳು! ನಿಂತು, ಕೈ ಎರಡೂ ಹೊಟ್ಟೆಯ ಮುಂದೆ ಕಟ್ಟಿ, ಕಣ್ಣು ಎಲ್ಲೋ ಮೇಲೆ, ಯಾರದೋ ದನಿಯಲ್ಲಿ, ಉಸಿರು ಕೂಡ ಯಾರದೋ, ಒಂದು ಪದ ಅತ್ತಿತ್ತ ಆಗುತ್ತಿರಲಿಲ್ಲ, ನಡುವೆ ಯಾವುದೋ ಒಂದು ಜಾಗದಲ್ಲಿ ತಾನೇ ನಿಲ್ಲಿಸಿ, ಸಾಕು, ಇವತ್ತಿಗೆ ದೀಪ ಸಾಲದು, ಅನ್ನುತ್ತಿದ್ದಳು, ಹೊರಗೆ ಸುಡುಬಿಸಿಲು. ಕೂತ್ಕೊಂಡು ಹೇಳಮ್ಮಾ. ಕೂತ್ರೆ ನಂಗೆ ನಿದ್ದೆ ಬರುತ್ತೆ ಕಣೇ. ಊಟವೂ ನಿಂತೇ, ಅಡುಗೆಕಟ್ಟೆಗೆ ಒರಗಿ, ಸಂಜೆ ಹೊತ್ತು ಮಂಡಿ ಊದಿಕೊಂಡರೆ ಥಂಡಿ, ಅನ್ನುತ್ತಿದ್ದಳು, ಬೇಸಗೆಯಲ್ಲೂ ಥಂಡಿ. ಓದುತ್ತಿದ್ದವರು ದೊಡ್ಡಮ್ಮನವರೇ, ಮಂಚದಲ್ಲಿ ಒರಗಿ, ತಮಗೆ ತಾವೇ ಗಟ್ಟಿಯಾಗಿ, ಬಾಗಿಲ ಮರೆಯಲ್ಲಿ ನೀರಿನ ಲೋಟವೋ ಔಷಧಿಯೋ ಬೇಕೆನ್ನುವುದನ್ನೇ ಕಾಯುತ್ತ ನಿಂತವಳಿಗೆ ಕಿವಿಯಿದೆ ಅನ್ನುವುದನ್ನು ಮರೆತು. ಹೊಳಪು ಪುಸ್ತಿಕೆ ಬಂದ ದಿನ ಅಮ್ಮ ಅದನ್ನು ತೊಡೆಯ ಮೇಲೆ ಹರಡಿಕೊಂಡು ತುಂಬ ಹೊತ್ತು ನೋಡಿ, ಚೆನ್ನಾಗಿ ಬರ್ದಿದಾರೆ, ನೀನು ಓದೇ, ನಿನ್ನ ಬಾಯಲ್ಲಿ ಕೇಳೋಣ, ಅಂದಿದ್ದಳು. ಕಾಗದ ಬಂದರೂ ಹಾಗೇ, ಕನ್ನಡಕ ಸರಿಯಿಲ್ಲ ಕಣೇ, ನೀನು ಓದು. ಎಷ್ಟು ಕನ್ನಡಕ ಮಾಡಿಸಿಕೊಟ್ಟಿಲ್ಲ ಅವಳು!

ಕೋಪ ಬರಬೇಕಿತ್ತು, ಬರಲಿಲ್ಲ, ಬಂದದ್ದು ಪ್ರಶ್ನೆಗಳು, ಒಂದರ ಹಿಂದೆ ಒಂದು, ಮೊದಲ ದಿನ ಎಷ್ಟು ಹೊತ್ತು ನಿಂತಿದ್ದಳು, ನಾನು ಹೊಟ್ಟೆಯಲ್ಲಿದ್ದಾಗಲೂ ನಿಂತಿದ್ದಳೇ, ಕಾಲಿನಿಂದ ಕಾಲಿಗೆ ಭಾರ ಬದಲಾಯಿಸಿದರೆ ಹಲಗೆ ಸದ್ದು ಮಾಡುತ್ತಿತ್ತೇ, ಮಾಡಿದರೆ ಓದುವುದು ನಿಲ್ಲುತ್ತಿತ್ತೇ, ಕಥೆಯ ಕೊನೆಯ ಭಾಗ ರಜೆಯ ದಿನ ಓದಿಬಿಟ್ಟರೆ ಅಮ್ಮ ಏನು ಮಾಡುತ್ತಿದ್ದಳು, ಅದಕ್ಕೇ ಒಂದೆರಡು ಕಥೆಗೆ ಕೊನೆಯೇ ಇರಲಿಲ್ಲವೇ? ಟಾರ್ಚಿನ ಬೆಳಕು ಮಂಕಾಗುತ್ತಿದೆ. ಉಜ್ಜುವ ಮೆಷಿನ್ನು ಕೋಣೆಯ ನಡುವೆ ಎಮ್ಮೆಯ ಹಾಗೆ ಕೂತಿದೆ, ವಯರು ಗೋಡೆಗೆ ಸಿಕ್ಕಿಸಿದೆ, ಗುಂಡಿ ಒತ್ತಿದರೆ ಅರ್ಧ ಗಂಟೆಯ ಕೆಲಸ, ಮೊದಲು ಒರಟು ಕಾಗದ, ಆಮೇಲೆ ನಯದ್ದು, ಉಳಿದ ತಗ್ಗಿಗೆ ಇದೇ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದರೆ ದೇವರು ಬಂದು ಹುಡುಕಿದರೂ ಸಿಗದು, ಇಪ್ಪತ್ತೆರಡು ವರ್ಷ ಒಂದು ಚೀಲ ಹುಡಿಯಾಗಿ ಹೋಗುತ್ತದೆ, ಅಮ್ಮ ನಾಡಿದ್ದು ನೆಮ್ಮದಿಯಾಗಿ ಕುರ್ಚಿಯಲ್ಲಿ ಕೂರಬಹುದು. ಉಜ್ಜದೆ ಬಿಟ್ಟರೆ? ಮ್ಯಾನೇಜರ್ ದಡ್ಡನಲ್ಲ, ಬೆಳಕು ಮಲಗಿಸುವುದನ್ನು ಅವಳಿಂದಲೇ ಕಲಿತಿದ್ದಾನೆ, ಅವನ ಕಣ್ಣಿಗೆ ಬಿದ್ದರೆ ಕುಣಿದಾಡುತ್ತಾನೆ, ಮೇಲೊಂದು ಗಾಜು ಕೂರಿಸುತ್ತಾನೆ, ಹಿತ್ತಾಳೆಯ ಫಲಕ ಹೊಡೆಸುತ್ತಾನೆ, ಸೇವಕಿ ನಿಂತ ಜಾಗ ಅಂತ, ಬಂದವರು ಬಗ್ಗಿ ಫೋಟೋ ತೆಗೆಯುತ್ತಾರೆ, ಒಂದು ನೆಟ್ಟಗೆ ಒಂದು ಓರೆ ಯಾಕೆ ಅಂತ ಕೇಳುತ್ತಾರೆ, ಆಮೇಲೆ ಯಾರೋ ಒಬ್ಬರು, ಒಬ್ಬರಾದರೂ, ಹತ್ತು ಅಡಿ ಆಚೆ ಹಸಿರು ಕುರ್ಚಿಯಲ್ಲಿ ಕೂತ ಮುದುಕಿಯ ಕಾಲಿನ ಕಡೆ ನೋಡಿಯೇ ನೋಡುತ್ತಾರೆ. ಹಾಲಿನವನಿಗೆ ಎರಡು ಸಲ ಹೇಳಿದ್ದಾಳೆ. ಉಜ್ಜಿದರೆ ಅಮ್ಮ ನಿಂತದ್ದು ಸುಳ್ಳಾಗುತ್ತದೆ, ಬಿಟ್ಟರೆ ಕೂತದ್ದು ಸುಳ್ಳಾಗುತ್ತದೆ, ಮಾವ ಇದ್ದಿದ್ದರೆ ಕೇಳಬಹುದಿತ್ತು, ಮಾವ ಏನು ಹೇಳುತ್ತಿದ್ದ, ಬೀಡಿ ಹಚ್ಚುತ್ತಿದ್ದ, ಇನ್ನೇನು ಹೇಳುತ್ತಾನೆ.

ಅತ್ತಿಗೇ, ನಿಮ್ಮಮ್ಮ ಬಂದ್ರು, ಕಾರಲ್ಲಿ, ರಾಣಿ ಥರಾ, ಅಂತ ನಾದಿನಿ ಜಗಲಿಯಿಂದ ಕೂಗಿದಳು, ಇವತ್ತು ಯಾಕೆ, ನಾಡಿದ್ದಲ್ಲವೇ, ಮೆಟ್ಟಿಲಲ್ಲಿ ಮ್ಯಾನೇಜರನ ದನಿ, ನಿಧಾನಕ್ಕೆ ಬನ್ನಿ ಅಜ್ಜಿ, ಕೈ ಕೊಡಿ, ಫೋಟೋದವರು ಇವತ್ತೇ ಸಿಕ್ಕಿದರು ಅದಕ್ಕೆ, ಅಮ್ಮನ ದನಿ, ಬಿಡಪ್ಪಾ, ಈ ಮೆಟ್ಟಿಲು ನಂಗೆ ಹೊಸದೇನಲ್ಲ. ಅವಳು ತಗ್ಗಿನಿಂದ ಕಾಲು ಕಿತ್ತು ಟಾರ್ಚಿಗೆ ಬಗ್ಗುವಷ್ಟರಲ್ಲಿ ಅಮ್ಮನ ಹೆಜ್ಜೆ ಎಣಿಸುವಂತೆ ಕೇಳುತ್ತಿತ್ತು, ದಪ್, ಸರ್, ದಪ್, ಸರ್, ಮೇಲಿನಿಂದ ಮೂರನೆಯ ಮೆಟ್ಟಿಲು, ಯಾರು ತುಳಿದರೂ ಕಿರ್ ಅನ್ನುವ ಮೆಟ್ಟಿಲು, ಮ್ಯಾನೇಜರನ ಬೂಟಿಗೆ ಕಿರ್ ಅಂತು, ಅಮ್ಮನಿಗೆ ಅನ್ನಲಿಲ್ಲ, ಅಮ್ಮ ಅದನ್ನು ತುಳಿಯದೆ ದಾಟಿದಳು. ಚಪ್ಪಲಿ ಆಚೆ ಬಿಡಿ, ನೆಲ ಉಜ್ಜೋದಿದೆ, ಅಂತ ಹಿಂದೆಯೇ ಮೇಲೆ ಬಂದ ನಾದಿನಿ. ಬಾಗಿಲು ಒಳಕ್ಕೆ ಬಂತು, ಮ್ಯಾನೇಜರ್ ಹೊಸಿಲಾಚೆಯೇ ಬೂಟು ಕಳಚಿ, ದಾಪುಗಾಲು ಹಾಕಿ ನೇರ ಕಿಟಕಿಗೆ ಹೋಗಿ ತಿರುಗಿದ, ಬನ್ನಿ ಅಜ್ಜಿ, ಹೇಳಿ, ಕುರ್ಚಿ ಇಲ್ಲೇ ಇತ್ತಲ್ವಾ? ಅಮ್ಮ ಚಪ್ಪಲಿ ಬಿಟ್ಟು ಹೊಸಿಲು ದಾಟಿದಳು, ಎರಡು ಹೆಜ್ಜೆ, ಯಾರೂ ತಳ್ಳಲಿಲ್ಲ, ಯಾರೂ ತೋರಿಸಲಿಲ್ಲ, ಬಾಗಿಲ ಅಂಚು ಹಿಡಿದು ಅರ್ಧ ಸುತ್ತು ತಿರುಗಿ ಅದರ ಮರೆಗೆ ಸರಿದು ನಿಂತುಬಿಟ್ಟಳು, ಕೆಳಗೆ ನೋಡಲೂ ಇಲ್ಲ, ಕೈ ತಾವಾಗಿಯೇ ಹೊಟ್ಟೆಯ ಮುಂದೆ ಬಂದು ಕಟ್ಟಿಕೊಂಡವು, ಕಣ್ಣು ಕಿಟಕಿಯ ಮೇಲರ್ಧಕ್ಕೆ. ಅಲ್ಲೇ ಇತ್ತಪ್ಪಾ, ಅಂದಳು, ಇನ್ನೊಂಚೂರು ಎಡಕ್ಕೆ, ನನ್ನ ಮೊಣಕೈಗೆ ಬಿಸಿಲು ಬೀಳೋದು. ಅವನು ಎಡಕ್ಕೆ ಸರಿದ. ಹೀಗಾ? ಹಾಂ, ಹಾಗೆ. ಬನ್ನಿ ಮತ್ತೆ, ಒಂದ್ಸಲ ಕೂತು ನೋಡಿ, ಕುರ್ಚಿ ತರಿಸ್ತೀನಿ. ಇರಲಿ ಬಿಡಪ್ಪಾ, ಆಮೇಲೆ ಕೂತರಾಯ್ತು, ಈಗ ಇಲ್ಲೇ ಚೆನ್ನಾಗಿದೆ.

ಟಾರ್ಚು ಇನ್ನೂ ಉರಿಯುತ್ತಿತ್ತು, ಆರಿಸಲು ಮರೆತಿದ್ದಳು, ಮ್ಯಾನೇಜರನ ಕಣ್ಣು ಬೆಳಕಿನ ಜಾಡು ಹಿಡಿದು ನೆಲದ ಮೇಲೆ ಸರಿದು ಸರಿದು ಆ ಮೂಲೆಗೆ ಬಂತು, ಅಕ್ಕಾ, ಅಜ್ಜಿ ಕಾಲ ಕೆಳಗೆ ಅದೇನು, ತಗ್ಗಿದ್ದ ಹಾಗಿದೆಯಲ್ಲ? ಯಾವ ದೇವರು ಆ ಮಾತನ್ನು ಬಾಯಿಗೆ ತಂದಿಟ್ಟನೋ, ಹೂಕುಂಡ ಸರ್, ಅಂದುಬಿಟ್ಟಳು, ಎರಡು ಹೂಕುಂಡ ಇಟ್ಟಿದ್ರು ಅನಿಸುತ್ತೆ, ನೀರು ಇಳಿದು ಇಳಿದು ಮರ ಮೆತ್ತಗಾಗಿ ಕುಸಿದಿದೆ. ಮೂವತ್ತು ವರ್ಷದಲ್ಲಿ ಅವಳು ನೆಲದ ಬಗ್ಗೆ ಹೇಳಿದ ಮೊದಲ ಸುಳ್ಳು. ನೀರಿನ ಕಲೆ ಕಪ್ಪಗಿರುತ್ತದೆ, ಇಲ್ಲಿ ಕಪ್ಪಿಲ್ಲ, ಅವನಿಗೆ ಅದು ಗೊತ್ತಾಗದಿರಲಿ, ಹೂಕುಂಡ ಗುಂಡಗಿರುತ್ತದೆ, ಅದೂ ಹೊಳೆಯದಿರಲಿ. ಅಮ್ಮ ಆಗ ಮೊದಲ ಸಲ ಮಗಳ ಕಡೆ ನೋಡಿದಳು, ಆಮೇಲೆ ಕೆಳಗೆ, ತನ್ನ ಪಾದಗಳನ್ನು, ಬೇರೆ ಯಾರದೋ ಪಾದಗಳನ್ನು ನೋಡುವ ಹಾಗೆ, ಬಹಳ ಹೊತ್ತು. ಹೌದು ಕಣಪ್ಪಾ, ಅಂದಳು, ಹೂಕುಂಡ, ಎರಡಿತ್ತು. ಮ್ಯಾನೇಜರ್ ಆಗಲೇ ಫೋನು ತೆಗೆದಿದ್ದ, ಹೌದಾ! ಯಾವ ಹೂ ಅಜ್ಜಿ? ಹೂವೇನೂ ಬಿಡ್ತಿರ್ಲಿಲ್ಲಪ್ಪಾ, ಬರೀ ಗಿಡ, ಬಿಸಿಲು ಬೇಡದ ಗಿಡ. ಬಾಗಿಲ ಹಿಂದೆ ಯಾಕಿಟ್ಟಿದ್ರು, ಯಾರಿಗೂ ಕಾಣಲ್ವಲ್ಲ? ಕಾಣ್ಲಿ ಅಂತ ಇಟ್ಟಿರ್ಲಿಲ್ಲಪ್ಪಾ. ಜಾಗ ಬದಲಾಯಿಸ್ತಿರ್ಲಿಲ್ವಾ ಯಾವತ್ತೂ? ಇಲ್ಲ, ಅಲ್ಲೇ, ಇಪ್ಪತ್ತೆರಡು ವರ್ಷಾನೂ ಅಲ್ಲೇ. ಪಾಪ, ಅಂದ ಅವನು, ಗಿಡಕ್ಕೆ. ಆಮೇಲೆ ಉತ್ಸಾಹದಿಂದ, ಹಾಗಾದ್ರೆ ಅಕ್ಕಾ, ಅಲ್ಲಿ ಉಜ್ಜಬೇಡಿ, ಎರಡು ಕುಂಡ ನಾವೂ ಇಡೋಣ, ಅವಳು, ಉಜ್ಜೋಕೂ ಆಗಲ್ಲ ಸರ್, ಮರ ತೆಳುವಾಗಿದೆ, ಮೆಷಿನ್ನು ಇಟ್ರೆ ಸೀಳಿಹೋಗುತ್ತೆ, ಅಂದಳು, ಇದು ಪೂರ್ತಿ ಸುಳ್ಳಲ್ಲ. ಅವನು ಕುರ್ಚಿಗೆ, ಫೋಟೋದವರಿಗೆ, ಕುಂಡಕ್ಕೆ ಅಂತ ಕೂಗುತ್ತ ಇಳಿದು ಹೋದ, ಮೂರನೆಯ ಮೆಟ್ಟಿಲು ಕಿರ್ ಅಂತು, ನಾದಿನಿ ಅವನ ಹಿಂದೆಯೇ ಇಳಿಯುತ್ತ ಏನೋ ತಮಾಷೆ ಹೇಳಿದಳು, ನಗು ಕೆಳಕ್ಕೆ ಹೋಯಿತು, ಕೋಣೆಯಲ್ಲಿ ಇಬ್ಬರೇ. ಕೇಳಬೇಕಿದ್ದದ್ದು ನೂರಿತ್ತು, ಯಾರು ಓದುತ್ತಿದ್ದರು, ಕೊನೆಯಿಲ್ಲದ ಕಥೆಗಳಿಗೆ ಕೊನೆ ಏನು, ನಾನು ಹೊಟ್ಟೆಯಲ್ಲಿದ್ದಾಗಲೂ, ಹೊರಬಿದ್ದದ್ದು ಒಂದೇ, ಕಾಲು ನೋಯಲ್ವಾ ಅಮ್ಮಾ? ಅಮ್ಮ ಕಿಟಕಿಯ ಮೇಲಿನಿಂದ ಕಣ್ಣು ತೆಗೆಯದೆ, ಈಗ್ತಾನೇ ಬಂದೆನಲ್ಲೇ, ಅಂದಳು. ಅವಳು ಟಾರ್ಚು ಆರಿಸಲೆಂದು ಬಗ್ಗಿದಳು, ಕೆನ್ನೆ ನೆಲದ ಮಟ್ಟಕ್ಕೆ ಇಳಿಯಿತು, ಬೆಳಕು ಹಲಗೆಗಳ ಮೇಲೆ ಹರಿದು ಆ ಮೂಲೆಗೆ ಹೋಗಿ ಮುಟ್ಟಿತು, ಅಲ್ಲಿ ಈಗ ನೆರಳಿಲ್ಲ, ತಗ್ಗಿಲ್ಲ, ಅಂಚಿನವರೆಗೂ ತುಂಬಿದೆ, ಎಲ್ಲೂ ಒಂದು ಕೂದಲಿನಷ್ಟು ಸಂದಿಲ್ಲ, ಬಿಳಿಚಿದ ಉಗುರು, ಉಬ್ಬಿದ ನರ, ಒಡೆದ ಹಿಮ್ಮಡಿ, ಒಂದು ನೆಟ್ಟಗೆ, ಒಂದು ಓರೆ, ಒಂದು ನೆಟ್ಟಗೆ, ಒಂದು —